ಏಳನೇ ಕೇಂದ್ರದ ಹಾಜರಿ

ಮೇ 28, ಮಧ್ಯಾಹ್ನ 3.30

ಹನ್ನೊಂದು ಗಂಟೆಯ ಹಾಜರಿ ಮುಗಿಯುವಾಗ ಹನ್ನೊಂದೂ ನಲವತ್ತು. ಒಂಬತ್ತು ನದಿ, ಮೂವತ್ತೊಂದು ಕೇಂದ್ರ. ಮೈಕು ಹಿಡಿದು ಒಂದೊಂದನ್ನೇ ಕರೆಯಬೇಕು. ಒಂದು? — ಹಾಜರು, ನೀರು ಎರಡು ಮೀಟರು. ಎರಡು? — ಹಾಜರು... ಈಗ ದಿನಕ್ಕೆ ನಾಲ್ಕು ಸಲ. ಮಳೆ ಹಿಡಿದರೆ ಗಂಟೆಗೊಮ್ಮೆ. ಹತ್ತೊಂಬತ್ತರವನು ಇವತ್ತೂ ಬಾಯಿ ತುಂಬ ತಿಂಡಿ ಇಟ್ಟುಕೊಂಡೇ ಹಾಜರಿ ಹೇಳಿದ.

ಆಮೇಲೆ ಮೀಟಿಂಗ್. ಪ್ರಕೃತಿ ವಿಕೋಪದ ಅಪಾಯ ತಗ್ಗಿಸುವ ರಾಷ್ಟ್ರೀಯ ಜಾಲದ ಒಂಬತ್ತನೇ ಸಭೆ. ನೀರು, ಹವಾಮಾನ, ಪೊಲೀಸ್, ಆಸ್ಪತ್ರೆ, ಟೆಲಿಫೋನ್ — ಈ ಐದು ಇಲಾಖೆಗಳನ್ನು ಒಂದೇ ಮೇಜಿಗೆ ಕೂರಿಸುವುದು ನನ್ನ ಕೆಲಸ. ಸಮನ್ವಯಾಧಿಕಾರಿ ಅಂತ ಬಾಗಿಲಿನ ಮೇಲೆ ಬೋರ್ಡಿದೆ. ಬೋರ್ಡು ನನ್ನ ಮೇಜಿಗಿಂತ ದೊಡ್ಡದು.

ಹವಾಮಾನದ ಮುಖ್ಯಸ್ಥರು, ನೀರಿನ ಇಲಾಖೆಯ ಗೇಜ್ ನೋಡುವವರು ಕೂತಲ್ಲೇ ನಿದ್ದೆ ಹೊಡೆಯುತ್ತಾರೆ ಅಂದರು. ನೀರಿನ ಚೀಫ್ ಇಂಜಿನಿಯರ್, ನೀವು ಬಿಸಿಲು ಅಂದ ದಿನ ನಾನು ಛತ್ರಿ ತರುತ್ತೇನೆ ಅಂದರು. ಅಲ್ಲಿಗೆ ನಿಂತಿದ್ದರೆ ನಗಬಹುದಿತ್ತು. ಇವರು ಅವರ ಅಪ್ಪನ ಸುದ್ದಿ ಎತ್ತಿದರು. ಅವರು ಗಾಜಿನ ಜಗ್ ಎತ್ತಿದರು. ಹಣೆಗೆ ಬಡಿದು ಜಗ್ ಚೂರುಚೂರು. ಹವಾಮಾನದವರ ಕಣ್ಣಿಗೆ ರಕ್ತ ಇಳಿಯಿತು, ಸಭೆಯ ಕಾಗದದ ಮೇಲೆ ರಕ್ತ, ನನ್ನ ತೋಳಿನ ಮೇಲೂ. ನಾಲ್ಕು ಹೊಲಿಗೆ. ಆಸ್ಪತ್ರೆ ಇಲಾಖೆಯ ಡಾಕ್ಟರು ಪಕ್ಕದಲ್ಲೇ ಕೂತಿದ್ದರಲ್ಲ — ಈ ಜಾಲದಿಂದ ಇದುವರೆಗೆ ಆದ ಉಪಕಾರ ಅದೊಂದೇ.

ಸಭೆ ಮುಂದಕ್ಕೆ ಹೋಯಿತು. ಒಪ್ಪಂದಕ್ಕೆ ಯಾರೂ ಸಹಿ ಹಾಕಲಿಲ್ಲ.

ಜೂನ್ 9, ಸಂಜೆ 7

ಅಕ್ಕನ ಮಂಡಿ ಆಪರೇಷನ್ ಆಗಿ ಹನ್ನೆರಡು ದಿನ. ನಮ್ಮ ಮನೆಯಲ್ಲೇ ಇದ್ದಾಳೆ. ಊರುಗೋಲು ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುತ್ತಾಳೆ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹೆಸರಿಡುತ್ತಾಳೆ. ಪರದೆ ಕೊಳೆ. ಗಡಿಯಾರ ಎರಡು ನಿಮಿಷ ಹಿಂದೆ. ನಾನು ಒಣಗಿದ ಕಡ್ಡಿ.

ಭಾವ ಏಳನೇ ಕೇಂದ್ರದಲ್ಲಿ ಒಬ್ಬರೇ. ಇಲ್ಲಿಂದ ನದಿಯ ಮೇಲಕ್ಕೆ ನಲವತ್ತು ಕಿಲೋಮೀಟರು. ಒಂದು ಕೋಣೆ, ಒಂದು ವೈರ್‌ಲೆಸ್ ಸೆಟ್, ಒಂದು ಸೈರನ್. ದಡದ ಮೆಟ್ಟಿಲಿಗೆ ತಾಗಿ ಕಬ್ಬಿಣದ ಅಳತೆ ಕಂಬ. ಇಪ್ಪತ್ತೆರಡು ವರ್ಷದಿಂದ ಆ ಕಂಬ ನೋಡುವುದೇ ಅವರ ಕೆಲಸ. ನೀರು ಆರು ಮೀಟರಿನ ಕೆಂಪು ಗೆರೆ ಮುಟ್ಟಿತೋ, ಸೈರನ್. ಕೆಳಗಿನ ಊರುಗಳಿಗೂ ಕೊನೆಯಲ್ಲಿರುವ ನಮ್ಮ ಪೇಟೆಗೂ ಓಡಲು ಮೂರು ಗಂಟೆ ಸಿಗುತ್ತದೆ.

ನಾನು ಚಪ್ಪಲಿ ಬಿಡುವ ಮೊದಲೇ ಅಕ್ಕನ ಪ್ರಶ್ನೆ, ನಿಮ್ ಭಾವ ಮಾತಾಡಿದ್ರಾ? ಮಾತಾಡಿದರು, ಎರಡೂವರೆ ಮೀಟರು ಅನ್ನುತ್ತೇನೆ. ಅಷ್ಟು ಸಾಕು ಅವಳಿಗೆ. ಮೂವತ್ತು ವರ್ಷದ ಸಂಸಾರ, ಕ್ಷೇಮಸಮಾಚಾರ ಮೀಟರಿನ ಲೆಕ್ಕದಲ್ಲಿ.

ಮದುವೆಯಾದ ದಿನದಿಂದ ಭಾವ ನನ್ನನ್ನು ಬಾಯಿಬಡ್ಕಿ ಅಂತಲೇ ಕರೆಯುವುದು. ಕಳೆದ ವಾರ ಮರೆತು ವೈರ್‌ಲೆಸ್‌ನಲ್ಲೇ ಹಾಗೆ ಅಂದುಬಿಟ್ಟರು. ಮೂವತ್ತು ಕೇಂದ್ರದವರೂ ಕೇಳಿಸಿಕೊಂಡರು. ಹತ್ತೊಂಬತ್ತರವನು ಕಿಸಕ್ ಅಂದದ್ದು ನನಗೂ ಕೇಳಿಸಿತು.

ಜೂನ್ 17, ಮಧ್ಯಾಹ್ನ 1

ಇವತ್ತು ಅಕ್ಷರ ಸೊಟ್ಟ.

ನಿನ್ನೆ ಬೆಳಗ್ಗೆ ನೀರು ಒಂದೇ ಸಮನೆ ಏರಿತು. ಕೆಂಪು ಗೆರೆಗೆ ಒಂದು ಗೇಣು ಇರುವಾಗಲೇ ಭಾವ ಸೈರನ್ ಕೂಗಿಸಿದರು. ಊರುಗಳು ಖಾಲಿಯಾದವು. ಅತ್ತ ಮೇಲಿನ ಅಣೆಕಟ್ಟಿನವರು ಗೇಟು ಇಳಿಸಿ, ಯಾರಿಗೂ ಹೇಳದೆ ಸುಮ್ಮನೆ ಕೂತಿದ್ದರು. ನೀರು ಇಳಿದುಹೋಯಿತು. ಪ್ರವಾಹ ಬರಲೇ ಇಲ್ಲ.

ಸೈರನ್ ಆದರೆ ನದಿಯೊಳಗೆ ಮರಳು ತೆಗೆಯುವವರು ಲಾರಿಗಳನ್ನು ಮೇಲೆ ಹತ್ತಿಸಬೇಕು. ಅವರ ಒಂದಿಡೀ ದಿನ ಹಾಳು. ಇವತ್ತು ಬೆಳಗ್ಗೆ ಆರು ಜನ ಸಲಿಕೆ ಹಿಡಿದು ಏಳನೇ ಕೇಂದ್ರಕ್ಕೆ ನುಗ್ಗಿದ್ದಾರೆ.

ಹನ್ನೊಂದರ ಹಾಜರಿಯಲ್ಲಿ ಏಳು ಅಂದೆ. ಉತ್ತರ ತಡವಾಯಿತು.

"ಏಳು. ಹಾಜರು. ನೀರು ನಾಲ್ಕು ಇಪ್ಪತ್ತು. ಎಡಗೈಯಲ್ಲಿ ಎರಡು ಬೆರಳು ಮುರಿದಿದೆ. ಹಲ್ಲು ಒಂದು ಹೋಗಿದೆ. ಮುಂದಿನವರನ್ನ ಕರಿ."

ಕರೆದೆ. ನಿಯಮ ಹಾಗೆ. ಎಂಟು ಅನ್ನಲು ಹೋಗಿ ಮತ್ತೆ ಏಳು ಅಂದೆ. ಎಂಟರವರು, ಸಾವಕಾಶವಾಗಿ ಹೇಳಿ ಮೇಡಂ ಅಂದರು.

ಆಮೇಲೆ ಫೋನಿನಲ್ಲಿ ಪೂರ್ತಿ ಗೊತ್ತಾಯಿತು. ಯಾವ ಕೈಯಲ್ಲಿ ಸ್ವಿಚ್ ಒತ್ತಿದ್ದು ಅಂತ ಕೇಳಿದರಂತೆ. ಭಾವ ಎಡಗೈ ತೋರಿಸಿದರಂತೆ, ಬಲಗೈ ಬರೆಯಲಿಕ್ಕೆ ಬೇಕಲ್ಲ ಅಂತ. ಆ ಕೈಯನ್ನು ಹೊಸ್ತಿಲ ಮೇಲೆ ಒತ್ತಿ ಹಿಡಿದು ಸಲಿಕೆಯ ಹಿಂಬದಿಯಿಂದ ಕುಟ್ಟಿದ್ದಾರೆ. ಇನ್ನೊಂದು ಸಲ ಕೂಗಿಸಿದರೆ ಕೈ ಅಲ್ಲ, ಕತ್ತು ಅಂದಿದ್ದಾರೆ.

ಅಲ್ಲಿಗೆ ಒಬ್ಬ ಕಾನ್‌ಸ್ಟೆಬಲ್ ಕೊಡಿ ಅಂತ ನಮ್ಮ ಜಾಲದ ಪೊಲೀಸ್ ನೋಡಲ್ ಆಫೀಸರ್‌ಗೆ ಕೇಳಿದೆ. ಒಂದಕ್ಕೆ ಕೊಟ್ಟರೆ ಮೂವತ್ತೊಂದಕ್ಕೂ ಕೊಡಬೇಕಾಗುತ್ತದಲ್ಲ ಅಂದರು. ಬೇಕಾದರೆ ಹತ್ತಿರದ ಸ್ಟೇಷನ್ನಿನ ಜೀಪು ಇದೆ, ಅರ್ಧ ಗಂಟೆಯ ದಾರಿ, ಕರೆದರೆ ಬರುತ್ತದೆ ಅಂದರು.

ಭಾವನಿಗೆ ಬಿಟ್ಟು ಬನ್ನಿ ಅಂದೆ. ಕಂಬ ಯಾರು ನೋಡ್ತಾರೆ ಅಂದರು.

ಅಕ್ಕನಿಗೆ ಹೇಳಿದೆ. ಯಾವ ಬೆರಳು ಅಂತ ಮಾತ್ರ ಕೇಳಿದಳು.

ಜೂನ್ 30, ಸಂಜೆ 6

ಸಹಿ ಆಯಿತು! ಐದೂ ಇಲಾಖೆ! ಹನ್ನೊಂದು ಸಭೆ, ನಾಲ್ಕು ಹೊಲಿಗೆ, ಒಂದು ಜಗ್ ಆದಮೇಲೆ.

ಸಿಕ್ಕು ಇದ್ದದ್ದು ಹಾಜರಿಯಲ್ಲಿ. ಗಂಟೆಗೊಮ್ಮೆ ನಲವತ್ತು ನಿಮಿಷ ಹಾಜರು ಹಾಜರು ಅಂತ ಕೂಗುತ್ತಿದ್ದರೆ ನಮ್ಮವರು ಕೆಲಸ ಮಾಡುವುದು ಯಾವಾಗ ಅಂತ ನೀರಿನವರ ತಕರಾರು. ಚಾನೆಲ್ ಖಾಲಿಯೇ ಇರುವುದಿಲ್ಲ, ತುರ್ತು ಬಂದರೆ ಎಲ್ಲಿ ಮಾತಾಡಲಿ ಅಂತ ಪೊಲೀಸರದ್ದು. ಅದೂ ನಿಜವೇ. ಉಪಾಯ ನನಗೇ ಹೊಳೆಯಿತು. ಎಲ್ಲರೂ ಮಾತಾಡುವುದು ಬೇಡ. ನಾನು ಗಂಟೆ ಹೇಳುತ್ತೇನೆ, ಒಂದು ನಿಮಿಷ ಕಾಯುತ್ತೇನೆ. ಏನಾದರೂ ಹೆಚ್ಚುಕಡಿಮೆ ಇದ್ದವರು ಮಾತ್ರ ಹೇಳಲಿ. ಸುಮ್ಮನಿದ್ದವರೆಲ್ಲ ಸರಿ. ಪುಸ್ತಕದಲ್ಲಿ ಸರಿ ಗುರುತು.

ಚಪ್ಪಾಳೆ ಹೊಡೆದರು. ಹವಾಮಾನದವರು ಹಣೆಯ ಗಾಯ ಸವರಿಕೊಳ್ಳುತ್ತ, ಇದನ್ನು ಮೊದಲೇ ಹೇಳಿದ್ದರೆ ನನ್ನ ಮುಖ ಉಳಿಯುತ್ತಿತ್ತು ಅಂದರು. ನೀರಿನವರೂ ನಕ್ಕರು. ಇಪ್ಪತ್ತು ವರ್ಷದ ನೌಕರಿಯಲ್ಲಿ ನನಗೆ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅಕ್ಕನಿಗೆ ಸರಿಬೀಳಲಿಲ್ಲ.

"ಮಾತಾಡ್ಲಿಲ್ಲ ಅಂದ್ರೆ ಚೆನ್ನಾಗಿದಾರೆ ಅಂತ ಅರ್ಥಾನಾ? ಇದ್ಯಾವ ಸೀಮೆ ನಿಯಮಾನೇ?"

ಸತ್ತವರಿಗೂ ಸುಮ್ಮನಿರಲು ಬರುತ್ತದೆ ಅಂದಳು. ನಿನಗೆ ಎಲ್ಲದರಲ್ಲೂ ಅಪಶಕುನ ಅಂತ ಬೈದೆ.

ಜುಲೈ 12, ಬೆಳಗ್ಗೆ 10.15

ಮಳೆ ಹಿಡಿದಿದೆ. ಗಂಟೆಗೊಮ್ಮೆ ಹಾಜರಿ, ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಮೂವತ್ತೊಂದು ಸರಿ ಗುರುತು, ಪೆನ್ನು ಎತ್ತದೆ ಮೇಲಿಂದ ಕೆಳಕ್ಕೆ. ಚಹಾ ಬಿಸಿಯಾಗಿಯೇ ಕುಡಿಯುತ್ತಿದ್ದೇನೆ.

ಏಳರ ಟೆಲಿಫೋನ್ ತಂತಿಯ ಮೇಲೆ ಮರ ಬಿದ್ದು ಹತ್ತು ದಿನ. ಟೆಲಿಫೋನಿನವರು ನೋಡೋಣ ಅಂದಿದ್ದಾರೆ.

ಒಂಬತ್ತು ಗಂಟೆಗೆ ಭಾವ ಚಾನೆಲ್‌ಗೆ ಬಂದರು. ಏನು ಹೆಚ್ಚುಕಡಿಮೆ ಅಂದೆ. ಏನಿಲ್ಲ, ಸುಮ್ನೆ, ನಿಮ್ಮಕ್ಕ ನಡೀತಿದಾಳಾ ಅಂತ ಕೇಳೋಣ ಅಂತ ಅಂದರು. ಪೊಲೀಸಿನವರೂ ನೀರಿನವರೂ ಕೇಳಿಸಿಕೊಳ್ಳುತ್ತಿರುತ್ತಾರೆ. ನನ್ನದೇ ನಿಯಮ, ನನ್ನದೇ ಭಾವ. "ಏಳು, ಚಾನೆಲ್ ಖಾಲಿ ಇಡಿ" ಅಂದೆ.

"ಆಯ್ತು ಮೇಡಂ" ಅಂದರು.

ನಗುತ್ತ ಅಂದರೋ, ಬೇಜಾರಿನಲ್ಲೋ. ಗೊರಗೊರ ಸದ್ದಿನಲ್ಲಿ ಗೊತ್ತಾಗಲಿಲ್ಲ. ಭಾನುವಾರ ಹೋಗಿ ಬರಬೇಕು.

ಜುಲೈ 26, ಬೆಳಗ್ಗೆ 9.05

ಹೋಗಲಾಗಲಿಲ್ಲ, ಎರಡು ಭಾನುವಾರವೂ ಡ್ಯೂಟಿ. ಮೇಲೆ ಜೋರು ಮಳೆ ಅಂತ ಹವಾಮಾನದವರ ಸಂದೇಶ. ಗಂಟೆ ಒಂಬತ್ತು. ನಾಲ್ಕು ಮತ್ತು ಇಪ್ಪತ್ತೆರಡು ಮಾತಾಡಿದವು, ರಸ್ತೆ ಕುಸಿತ. ಉಳಿದದ್ದು ಸರಿ.

11.05

ಉಳಿದದ್ದು ಸರಿ. ನಮ್ಮ ನದಿ ಶಾಂತ. ಏಳು ಸುಮ್ಮನಿದೆ ಅಂದರೆ ಕೆಂಪು ಗೆರೆ ಮುಟ್ಟಿಲ್ಲ. ಆಸ್ಪತ್ರೆಯ ದೋಣಿಗಳನ್ನು ನಾಲ್ಕರ ಕಡೆಗೆ ಕಳಿಸಿದೆ.

1.10

ಸರಿ. ಅಕ್ಕನಿಗೆ ಫೋನ್ ಮಾಡಿದೆ. ಭಾವ ಕ್ಷೇಮ, ಊಟ ಮಾಡು ಅಂದೆ.

2.10

ಏಳರ ಕೆಳಗಿನ ಹನ್ನೆರಡನೇ ಕೇಂದ್ರದವರು ಕೂಗಿದರು — ನೀರು ಬಂತು, ಗೋಡೆ ಎತ್ತರ, ಹೇಗೆ ಬಂತು, ಸೈರನ್ ಯಾಕೆ — ಕಟ್. ಹದಿಮೂರರಿಂದ ಉತ್ತರವೇ ಇಲ್ಲ. ಏಳು, ಏಳು, ಏಳು ಅಂತ ಕರೆಯುತ್ತಿದ್ದೇನೆ. ಕಿಟಕಿಯಿಂದ ಪೇಟೆಯ ಬೀದಿ ಕಾಣುತ್ತಿದೆ, ಜನ ಇನ್ನೂ ತರಕಾರಿ ಕೊಳ್ಳುತ್ತ

ಜುಲೈ 29, ಬೆಳಗ್ಗೆ 8

ಮೂರು ದಿನ ಈ ಡೈರಿ ಮುಟ್ಟಿಲ್ಲ. ಇನ್ನೂರ ಹನ್ನೆರಡು ಹೆಣ, ಇದುವರೆಗೆ.

ಕಂಡದ್ದನ್ನು ಬರೆದರೆ ತಲೆಯಿಂದ ಹೋಗುತ್ತದೇನೋ. ನೀರು ಬೀದಿಗೆ ನುಗ್ಗಿದ್ದು ಕೆಂಪಗೆ, ಒಳಗೆ ಮರದ ದಿಮ್ಮಿ, ದನ, ಬಾಗಿಲು. ಮರಳು ತುಂಬಿದ ಲಾರಿಯೊಂದು ಮಗ್ಗುಲಾಗಿ ತೇಲಿ ಬಂತು. ಬ್ಯಾಂಕಿನ ಗೋಡೆಗೆ ಒರಗಿ ನಿಂತಿದ್ದವರನ್ನು ಗೋಡೆಗೇ ಒತ್ತಿ ಅರೆಯಿತು. ಹದಿನಾಲ್ಕು ಜನ. ಆ ಸದ್ದು ನಮ್ಮ ಆಫೀಸಿನ ಮೂರನೇ ಮಹಡಿಗೆ ಕೇಳಿಸಿತು. ಸೇತುವೆಯ ಹತ್ತಿರ ತುಂಬಿದ ದೋಣಿಯ ಅಂಚಿಗೆ ಜೋತುಬಿದ್ದವರ ಕೈಮೇಲೆ ದೋಣಿಯವನು ಹುಟ್ಟಿನಿಂದ ಹೊಡೆಯುತ್ತಿದ್ದ. ಹೊಡೆಯುತ್ತ ಅಳುತ್ತಿದ್ದ. ಒಬ್ಬೊಬ್ಬರಾಗಿ ಕೈ ಬಿಟ್ಟರು.

ನಿನ್ನೆ ಪೊಲೀಸ್ ಜೀಪಿನಲ್ಲಿ ಏಳನೇ ಕೇಂದ್ರಕ್ಕೆ ಹೋದೆ. ಕೋಣೆಯ ಮಾಡು ಇಲ್ಲ. ನೀರು ಇಳಿದು ಕಂಬ ಪೂರ್ತಿ ಕಾಣುತ್ತಿತ್ತು. ಭಾವ ಕಂಬದ ಮೇಲಿದ್ದರು. ಐದು ಮತ್ತು ಏಳು ಮೀಟರಿನ ನಡುವೆ, ಮೇಲಿನ ಮೆಟ್ಟಿಲಿನಿಂದ ಕೈಗೆಟಕುವಲ್ಲಿ. ಎದೆಗೆ, ಕಾಲಿಗೆ, ಲಾರಿಯ ಸರಕು ಬಿಗಿಯುವ ತಂತಿ ಸುತ್ತಿತ್ತು. ಬೆರಳು ಸುತ್ತಿದ್ದ ಬ್ಯಾಂಡೇಜು ಹಾಗೇ ಇತ್ತು.

ತಂತಿ ಕತ್ತರಿಸುವಾಗ ಹಿಂದೆ ಗದ್ದಲ. ಮರಳಿನವನೊಬ್ಬನನ್ನು ಊರಿನವರು ಹಿಡಿದಿದ್ದರು. ಕಲ್ಲಿನಿಂದ, ಚಪ್ಪಲಿಯಿಂದ, ಬರಿಗೈಯಿಂದ ಬಡಿದರು. ಒಬ್ಬ ಮುದುಕಿ ಅವನ ಕಿವಿ ಕಚ್ಚಿ ಎಳೆದಳು. ನಾನು ಐದು ಹೆಜ್ಜೆ ದೂರದಲ್ಲಿದ್ದೆ. ತಡೆಯಲಿಲ್ಲ. ಇನ್ನೂ ಬೀಳಲಿ ಅನ್ನಿಸಿತು. ನನಗೂ ಒಂದು ಕಲ್ಲು ಸಿಗಲಿ ಅಂತ ನೆಲ ನೋಡಿದೆ. ಇನ್‌ಸ್ಪೆಕ್ಟರ್ ಗಾಳಿಯಲ್ಲಿ ಗುಂಡು ಹಾರಿಸಿ ಬಿಡಿಸಿದರು. ಬದುಕಿದ್ದಾನೆ.

ನಮ್ಮ ಮನೆ ದಿಬ್ಬದ ಮೇಲಿದ್ದುದರಿಂದ ಅಕ್ಕ ಉಳಿದಳು. ಅವಳಿಗೆ, ನೀರಿನಲ್ಲಿ ಹೋದರು ಅಂತ ಮಾತ್ರ ಹೇಳಿದ್ದೇನೆ.

ಜುಲೈ 31, ಮಧ್ಯಾಹ್ನ 2

ಅಂತ್ಯಕ್ರಿಯೆ ಮುಗಿಯಿತು. ಅಕ್ಕ ಅಳಲಿಲ್ಲ, ಸುತ್ತಿದ ಬಟ್ಟೆಯಿಂದ ಎಡಗೈ ಹೊರಗೆ ತೆಗೆದು ಆ ಎರಡು ಬೆರಳು ಹಿಡಿದು ಕೂತಿದ್ದಳು.

ಇನ್‌ಸ್ಪೆಕ್ಟರ್ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ಆ ಮರಳಿನವನು ಬಾಯಿ ಬಿಟ್ಟಿದ್ದಾನೆ. ಅವತ್ತು ಬೆಳಗ್ಗೆ ಎಂಟೂವರೆಗೆ ಬಂದರಂತೆ. ಸೆಟ್ ಒಡೆದು, ಸೈರನ್ ತಂತಿ ಕಿತ್ತು, ಭಾವನನ್ನು ಕಂಬಕ್ಕೆ ಕಟ್ಟಿದರಂತೆ. ಕೊಲ್ಲುವ ಉದ್ದೇಶ ಇರಲಿಲ್ಲವಂತೆ. ಸಂಜೆ ನಾಲ್ಕರವರೆಗೆ ಲಾರಿ ತುಂಬಿಕೊಂಡು, ಆಮೇಲೆ ಬಿಚ್ಚುವುದು ಅಂತ. ಹೇಗೂ ಯಾವಾಗಲೂ ನೋಡುವ ಕಂಬ, ಹತ್ತಿರದಿಂದ ನೋಡಲಿ ಅಂತ ತಮಾಷೆ ಮಾಡಿದರಂತೆ. ನೀರು ಏರಿದಾಗ ಓಡಿದರು. ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ.

ಡಾಕ್ಟರ ವರದಿ ಬಂದಿದೆ. ಜೀವ ಹೋದದ್ದು ಒಂದೂವರೆಯ ಸುಮಾರಿಗೆ. ಮುಳುಗಿ.

ಹಾಜರಿ ಪುಸ್ತಕ ತೆಗೆದೆ. ಏಳನೇ ಸಾಲು. ಒಂಬತ್ತು, ಸರಿ. ಹತ್ತು, ಸರಿ. ಹನ್ನೊಂದು, ಸರಿ. ಹನ್ನೆರಡು, ಸರಿ. ಒಂದು, ಸರಿ.

ಐದು ಸಲ. ಪೊಲೀಸ್ ಜೀಪು ಅರ್ಧ ಗಂಟೆಯ ದಾರಿ. ಮೊದಲಿನ ಹಾಗೆ ಒಂಬತ್ತಕ್ಕೆ ಏಳು ಅಂತ ಕರೆದಿದ್ದರೆ ಹತ್ತು ಗಂಟೆಗೆ ತಂತಿ ಬಿಚ್ಚಿರುತ್ತಿತ್ತು. ಹನ್ನೊಂದಕ್ಕೆ ಸೈರನ್ ಕೂಗಿರುತ್ತಿತ್ತು. ನೀರು ಸೊಂಟಕ್ಕೆ ಬಂದಾಗ, ಎದೆಗೆ ಬಂದಾಗ, ನಾನು ಚಹಾ ಕುಡಿಯುತ್ತ ಗುರುತು ಹಾಕುತ್ತಿದ್ದೆ. ಗಂಟೆಯ ಹಾಜರಿ ಭಾವನಿಗೆ ಬಾಯಿಪಾಠ. ಈಗ ಕರೆಯುತ್ತಾಳೆ, ಈಗ ಗೊತ್ತಾಗುತ್ತದೆ ಅಂತ ಕಾದಿರುತ್ತಾರೆ. ಇಲ್ಲ, ಕಾದಿರಲಾರರು. ನಿಯಮ ಅವರಿಗೂ ಗೊತ್ತಿತ್ತು.

ಆಗಸ್ಟ್ 2, ಬೆಳಗ್ಗೆ 11.30

ಗೇಟಿಗೆ ಜನ ಬಂದಿದ್ದಾರೆ. ಸೈರನ್ ಎಲ್ಲಿ ಹೋಗಿತ್ತು ಅಂತ ಕೂಗು. ನಮ್ಮ ಡ್ರೈವರ್ ಸಮಾಧಾನ ಮಾಡಲು ಹೋದ. ಇಟ್ಟಿಗೆ ಬಿತ್ತು, ತಲೆಬುರುಡೆ ಬಿರುಕು. ಮೆಟ್ಟಿಲಿನ ಮೇಲೆ ಅವನ ರಕ್ತ ಇನ್ನೂ ಒರೆಸಿಲ್ಲ.

ಡೈರೆಕ್ಟರ್ ಕರೆಸಿದರು. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಇವರು ನೀರು ಕೊಟ್ಟರೆ ಏನೋ ಇದೆ ಅಂತಲೇ. ವಿಚಾರಣಾ ಸಮಿತಿ ಬರುತ್ತದೆ, ಪುಸ್ತಕ ಕೇಳುತ್ತದೆ. ಒಂಬತ್ತು ಗಂಟೆಯ ಜಾಗದಲ್ಲಿ, ಏಳರಿಂದ ಉತ್ತರವಿಲ್ಲ, ಪ್ರಯತ್ನಿಸಲಾಯಿತು ಅಂತ ಸೇರಿಸಿಬಿಡಿ ಅಂದರು. ಸೆಟ್ ಒಡೆದಿತ್ತು ತಾನೇ, ಅದು ಸುಳ್ಳೂ ಅಲ್ಲ. ಜಾಲ ಉಳಿಯಬೇಕಲ್ಲ, ಇಷ್ಟು ಕಷ್ಟಪಟ್ಟು ಕಟ್ಟಿದ್ದೀರಿ.

ಪುಸ್ತಕ ಮುಂದಿದೆ. ಪೆನ್ನೂ ಇದೆ, ಅದೇ ಪೆನ್ನು. ಸರಿ ಗುರುತಿನ ಪಕ್ಕ ಮೂರು ಪದಕ್ಕೆ ಜಾಗ ಇದೆ. ಬರೆದರೆ ನೌಕರಿ ಉಳಿಯುತ್ತದೆ. ಅಕ್ಕನೂ ಉಳಿಯುತ್ತಾಳೆ, ನನಗೆ. ಒಂದು ಗಂಟೆ ಹಾಗೇ ಕೂತೆ. ಸುಳ್ಳಾಡಲಿಕ್ಕೆ ಮನಸ್ಸಿತ್ತು. ಚೆನ್ನಾಗಿಯೇ ಇತ್ತು.

ಬರೆಯಲಿಲ್ಲ.

ಆಗಸ್ಟ್ 3, ಸಂಜೆ 5

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಕಟ್ಟು ಹಾಕಿದೆ.

ಬೆಳಗ್ಗೆ ಅಕ್ಕನ ಮುಂದೆ ಕೂತು ಎಲ್ಲ ಹೇಳಿದೆ. ತಂತಿ, ಕಂಬ, ಪುಸ್ತಕ. ಊರುಗೋಲು ಹತ್ತಿರಕ್ಕೆ ಎಳೆದುಕೊಂಡಳು.

"ಎಷ್ಟು ಸಲ ಸರಿ ಹಾಕ್ದೆ?"

ಐದು ಅಂದೆ.

"ಗಂಟೆ ಹೇಳು."

ಒಂಬತ್ತು ಅಂದೆ. ಊರುಗೋಲು ಎತ್ತಿ ಭುಜಕ್ಕೆ ಹೊಡೆದಳು. ಇನ್ನೂ ಹೇಳು ಅಂದಳು. ಹತ್ತು. ಬೆನ್ನಿಗೆ. ಹನ್ನೊಂದು. ಕೈ ಅಡ್ಡ ಬಂತು, ನಾನು ತಂದದ್ದಲ್ಲ, ಅದಾಗಿಯೇ ಬಂತು, ಮಣಿಕಟ್ಟು ಲಟಕ್ಕೆಂದಿತು. ಹನ್ನೆರಡು. ಮತ್ತೆ ಬೆನ್ನಿಗೆ. ಆಮೇಲೆ ಏದುಸಿರು ಬಿಡುತ್ತ ನಿಂತಳು. ಒಂದು ಗಂಟೆ ಅಂದೆ. ಅದು ನಾನು ಫೋನ್ ಮಾಡಿ ಊಟ ಮಾಡು ಅಂದ ಗಂಟೆ. ಅವಳಿಗೂ ನೆನಪಿತ್ತು. ಬಾಯಿಗೆ ಹೊಡೆದಳು.

ಮುಂದಿನ ಎರಡು ಹಲ್ಲು. ನೆಲದ ಮೇಲೆ ಹುಡುಕಿ ನಾನೇ ಎತ್ತಿಕೊಂಡೆ.

"ನಾನು ಊಟ ಮಾಡ್ದೆ. ನೀನು ಹೇಳ್ದೆ ಅಂತ ಹೊಟ್ಟೆ ತುಂಬ ಊಟ ಮಾಡ್ದೆ."

ಅಷ್ಟು ಹೇಳಿ ಗೋಡೆ ಹಿಡಿದು ಕುಸಿದಳು. ಆಗ ಅತ್ತಳು. ಹತ್ತಿರ ಹೋದೆ, ಮುಟ್ಟಬೇಡ ಅಂದಳು.

ಆಸ್ಪತ್ರೆಯವರಿಗೆ, ಜಾರಿ ಬಿದ್ದೆ ಅಂದೆ. ಜಾಲದ ಡಾಕ್ಟರೇ ಇದ್ದರು. ಬಿದ್ದವರಿಗೆ ಬೆನ್ನ ಮೇಲೆ ಬಾಸುಂಡೆ ಬರುವುದಿಲ್ಲ ಅಂದರು, ಮತ್ತೇನೂ ಕೇಳಲಿಲ್ಲ.

ಆಗಸ್ಟ್ 27, ಮಧ್ಯಾಹ್ನ 4

ಪುಸ್ತಕ ಹಾಗೆಯೇ ಸಮಿತಿಗೆ ಕೊಟ್ಟೆ. ಮೌನಕ್ಕೆ ಸರಿ ಹಾಕುವ ಉಪಾಯ ಯಾರದ್ದು ಅಂತ ಕೇಳಿದರು. ನನ್ನದು ಅಂದೆ. ಎಲ್ಲರೂ ಒಪ್ಪಿದ್ದರಲ್ಲ ಅಂದರು. ಚಪ್ಪಾಳೆ ಹೊಡೆದಿದ್ದರು ಅಂದೆ. ಹಲ್ಲಿಲ್ಲದ ಬಾಯಲ್ಲಿ ಚಪ್ಪಾಳೆ ಅನ್ನುವುದು ಕಷ್ಟ. ಬಡ್ತಿ ಕಿತ್ತುಕೊಂಡರು, ಮೈಕು ಉಳಿಸಿದರು. ಈ ಕುರ್ಚಿಗೆ ಬೇರೆ ಯಾರೂ ಬರಲು ಒಪ್ಪಲಿಲ್ಲ.

ಹೊಸ ನಿಯಮ ಮುಂದಿಟ್ಟೆ. ಎಲ್ಲರೂ ಬಾಯಿ ಬಿಟ್ಟು ಹಾಜರು ಅನ್ನಬೇಕು. ಹತ್ತು ನಿಮಿಷ ಉತ್ತರವಿಲ್ಲದಿದ್ದರೆ ಕಾರಣ ಕೇಳುವಂತಿಲ್ಲ, ಜೀಪು ಹೊರಡಬೇಕು, ಕೆಳಗಿನ ಸೈರನ್ ಎಲ್ಲ ಕೂಗಬೇಕು. ಬ್ಯಾಟರಿ ಸತ್ತರೂ ಊರು ಓಡಬೇಕೇನ್ರಿ ಅಂತ ನೀರಿನವರು ಮೇಜು ಗುದ್ದಿದರು. ಓಡಬೇಕು ಅಂದೆ. ಸುಳ್ಳು ಸೈರನ್ನಿಗೆ ಜನ ನಮ್ಮನ್ನು ಬಡಿಯುತ್ತಾರೆ ಅಂದರು. ನನ್ನನ್ನು ಬಡಿಯಲಿ ಅಂದೆ. ಹವಾಮಾನದವರು ಮೊದಲ ಸಹಿ ಹಾಕಿದರು.

ಏಳಕ್ಕೆ ಹೋಗಲು ಯಾರೂ ತಯಾರಿಲ್ಲ. ಮನೆಗೆ ಬಂದು ನೋಡಿದರೆ ಅಕ್ಕ ಚೀಲ ಕಟ್ಟಿಟ್ಟಿದ್ದಳು. ಭಾವನಿಗೆ ಜ್ವರ ಬಂದಾಗಲೆಲ್ಲ ಕಂಬ ನೋಡಿದವಳು ಅವಳೇ. ನೀರಿನ ಇಲಾಖೆಗೆ ತಾನೇ ಅರ್ಜಿ ಕೊಟ್ಟು, ತಾನೇ ಒಪ್ಪಿಸಿದ್ದಾಳೆ. ಮಂಡಿ ಇನ್ನೂ ಪೂರ್ತಿ ಮಡಚುವುದಿಲ್ಲ, ಮೆಟ್ಟಿಲು ಹೇಗೆ ಇಳಿಯುತ್ತೀ ಅಂದೆ. ಚೀಲದ ಗಂಟು ಇನ್ನಷ್ಟು ಬಿಗಿದಳು. ಹೊಡೆದ ದಿನದಿಂದ ನನ್ನೊಡನೆ ಮಾತಿಲ್ಲ.

ಸೆಪ್ಟೆಂಬರ್ 14, ಬೆಳಗ್ಗೆ 11.50

"ಏಳು. ಹಾಜರು. ನೀರು ಮೂರು ಹತ್ತು."

ಅಷ್ಟೇ. ಗಂಟೆಗೊಮ್ಮೆ, ದಿನಕ್ಕೆ ಹದಿಮೂರು ಸಲ. ಬೇರೆ ಕೇಂದ್ರದವರು ಮೇಡಂ ಅನ್ನುತ್ತಾರೆ, ಮಳೆ ಅನ್ನುತ್ತಾರೆ. ಅವಳು ಅದೂ ಇಲ್ಲ. ಫೋನ್ ತಂತಿ ಈಗ ಸರಿಯಾಗಿದೆ, ಮಾಡಿದರೆ ಎತ್ತುವುದಿಲ್ಲ. ಪರವಾಗಿಲ್ಲ. ಸಂಜೆ ಮನೆಗೆ ಬಂದು ಖಾಲಿ ಮಂಚಕ್ಕೆ, ಮಾತಾಡಿದಳು, ಮೂರು ಹತ್ತು ಅನ್ನುತ್ತೇನೆ. ಹುಚ್ಚು.

ಅಲ್ಲಿಗೆ ಕಾನ್‌ಸ್ಟೆಬಲ್ ಕೊಟ್ಟಿದ್ದಾರೆ, ಹಗಲಲ್ಲಿ ಮಾತ್ರ. ಹೊಸ ಲಾರಿಗಳು ನದಿಗೆ ಇಳಿದಿವೆಯಂತೆ. ಕಳೆದ ವಾರ ಯಾರೋ ಏಳರ ಬಾಗಿಲಿಗೆ ಒಂದು ಸುತ್ತು ತಂತಿ ನೇತುಹಾಕಿ ಹೋಗಿದ್ದರಂತೆ. ಇದು ಕಾನ್‌ಸ್ಟೆಬಲ್ ಹೇಳಿದ್ದು. ಅಕ್ಕ ಅದನ್ನು ಬಿಚ್ಚಿ ಬಟ್ಟೆ ಒಣಗಿಸಲು ಕಟ್ಟಿಕೊಂಡಳಂತೆ.

ಅಕ್ಟೋಬರ್ 5, ಬೆಳಗ್ಗೆ 11.14

ಏಳು ಸುಮ್ಮನಿದೆ. ಮಳೆ ಮೂರು ದಿನದಿಂದ. ಹತ್ತರ ಹಾಜರಿಯಲ್ಲಿ ಐದು ನಲವತ್ತು ಅಂದಿದ್ದಳು. ಹನ್ನೊಂದೂ ನಾಲ್ಕಕ್ಕೆ ಕರೆದೆ. ಇಲ್ಲ. ಏಳಕ್ಕೆ ಬಿಡುವು ಕೊಡದೆ ಕರೆಯುತ್ತಿದ್ದೇನೆ. ಫೋನ್ ಹೋಗುತ್ತಿಲ್ಲ. ಜೀಪು ಹೊರಟಿತು. ಡೈರೆಕ್ಟರ್ ಇನ್ನೊಂದು ಐದು ನಿಮಿಷ ನೋಡಿ ಅನ್ನುತ್ತಿದ್ದಾರೆ. ಇವತ್ತು ಸಂತೆ ತುಂಬಿದೆ, ಜನ ತುಳಿದಾಡುತ್ತಾರೆ, ಆಲೋಚನೆ ಮಾಡಿ ಅನ್ನುತ್ತಿದ್ದಾರೆ. ಹತ್ತು ನಿಮಿಷ ಆಯಿತು. ಎಲ್ಲ ಸೈರನ್ ಕೂಗಿಸಿದೆ. ನಮ್ಮ ಮಾಡಿನ ಮೇಲಿನದ್ದೂ.

11.27

ಬೀದಿ ಖಾಲಿಯಾಗುತ್ತಿದೆ. ಶಾಲೆಯ ಮೆಟ್ಟಿಲಲ್ಲಿ ನೂಕುನುಗ್ಗಲು. ಹೆಂಗಸೊಬ್ಬಳು ಕೆಳಗೆ ಬಿದ್ದಳು, ಅವಳ ಮೇಲೆ ಜನ. ಕಾಲು ಮುರಿದಿದೆ, ಇಲ್ಲಿಗೇ ಕಾಣುತ್ತಿದೆ. ನಾನೇ ಮಾಡಿದ್ದು ಇದು. ಏಳು. ಏಳು. ಏಳು.

11.33

ಬಂದಳು!

"ಏಳು. ಹಾಜರು. ನೀರು ಐದು ಮೂವತ್ತು, ಇಳೀತಿದೆ. ಬ್ಯಾಟರಿ ತಂತಿ ಸಡಿಲ ಆಗಿತ್ತು."

ಇಳಿಯುತ್ತಿದೆ. ಪ್ರವಾಹ ಇಲ್ಲ. ಒಂದು ಸಡಿಲ ತಂತಿಗೆ ನಲವತ್ತು ಊರು ಓಡಿಸಿದೆ. ಸೈರನ್ ನಿಲ್ಲಿಸಿದೆ. ಅತ್ತುಬಿಟ್ಟೆ, ಮೈಕು ತೆರೆದೇ ಇತ್ತು.

11.50

ಸುಳ್ಳು ಸೈರನ್ ಅಂತ ಜನರಿಗೆ ಗೊತ್ತಾಗಿದೆ. ಗೇಟಿನ ಮುಂದೆ ಇನ್ನೂರಾದರೂ ಇದ್ದಾರೆ. ಕಾಲು ಮುರಿದವಳ ಗಂಡ ಎದುರಿಗಿದ್ದಾನೆ, ಕೈಯಲ್ಲಿ ಕಬ್ಬಿಣದ ಸಲಾಕೆ. ಡೈರೆಕ್ಟರ್ ಹಿಂದಿನ ಬಾಗಿಲಿಂದ ಹೋದರು, ನೀವೂ ಬನ್ನಿ ಅಂದರು. ಹಾಜರಿ ಮುಗಿದಿಲ್ಲ ಅಂದೆ. ಏಳಕ್ಕೇ ನಿಂತಿದೆ.

ಮೊದಲ ಕಲ್ಲು. ಕಿಟಕಿಯ ಗಾಜು ಪುಸ್ತಕದ ಮೇಲೆ ಬಿತ್ತು. ಮೈಕಿನಲ್ಲಿ ಅವಳಿಗೂ ಕೇಳಿಸಿದೆ.

"ಏನದು ಗಲಾಟೆ, ಬಾಯಿಬಡ್ಕಿ?"

ಎಲ್ಲ ಸರಿ ಅಂತ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಕಲ್ಲು ಹೊಡೀತಿದಾರೆ ಅಕ್ಕ, ಗೇಟು ಮುರೀತಿದಾರೆ ಅಂದೆ. ಅವಳು ಚಾನೆಲ್ ತೆರೆದಿಟ್ಟೇ, ಅಲ್ಲಿಗೆ ತಲುಪಿದ್ದ ಜೀಪಿನ ಪೊಲೀಸರಿಗೆ ಏನೋ ಹೇಳುವುದು ಕೇಳಿಸಿತು.

"ನಿಮ್ಮ ಕಡೆಯ ಜೀಪು ಕಳಿಸೋಕೆ ಹೇಳಿದೀನಿ. ಬಾಗಿಲು ಹಾಕ್ಕೊಂಡು ಮೇಜಿನ ಕೆಳಗೆ ಕೂತ್ಕೋ. ನಾನು ಇಲ್ಲೇ ಇರ್ತೀನಿ. ಮುಂದಿನವರನ್ನ ಕರಿ."

ಮೇಜಿನ ಕೆಳಗೆ ಕೂತಿದ್ದೇನೆ. ಪುಸ್ತಕ ಮಂಡಿಯ ಮೇಲೆ. ಮೆಟ್ಟಿಲಲ್ಲಿ ಕಾಲಿನ ಸದ್ದು.

ಎಂಟು — ಹಾಜರು, ಎರಡು ಎಂಬತ್ತು.

ಒಂಬತ್ತು — ಹಾಜರು.

ಹತ್ತು —